ನಡುನೀರಿನ ನಾಲ್ಕು ಎಕರೆ

ಚಿತ್ರದುರ್ಗ ಜಿಲ್ಲೆಯಲ್ಲಿ ಒಂದು ದ್ವೀಪ ಇದೆ, ಎರಡು ದಿನ ರಜೆ ಹಾಕಿ ಅಲ್ಲಿಗೆ ಹೋಗ್ತಿದ್ದೀನಿ ಎಂದಾಗ ಆಫೀಸಿನಲ್ಲಿ ಯಾರೂ ನಂಬಲಿಲ್ಲ. ನಂಬುವುದಾದರೂ ಹೇಗೆ? ಚಿತ್ರದುರ್ಗ ಅಂದರೆ ಕೋಟೆ, ಒನಕೆ ಓಬವ್ವ, ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು, ಮತ್ತೆ ಬರ. ಬೆಂಗಳೂರಿನಿಂದ ಹುಬ್ಬಳ್ಳಿ ಕಡೆ ಹೋಗುವವರು ಹಿರಿಯೂರಿನ ಹತ್ತಿರ ಕಾಫಿಗೆ ನಿಲ್ಲಿಸಿ, ಬಿಸಿಲು ಬೈದು, ಕಾರಿನ ಗಾಜು ಏರಿಸಿಕೊಂಡು ಮುಂದೆ ಹೋಗುತ್ತಾರೆ. ಹೆದ್ದಾರಿಯಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ಒಳಗೆ ಕಣ್ಣು ಹಾಯುವವರೆಗೂ ನೀರಿದೆ ಎಂಬುದು ಅವರಿಗೆ ಗೊತ್ತಾಗುವುದೇ ಇಲ್ಲ.

ಅದು ವಾಣಿವಿಲಾಸ ಸಾಗರ. ಜನರ ಬಾಯಲ್ಲಿ ಮಾರಿಕಣಿವೆ. ವೇದಾವತಿ ನದಿ ಗುಡ್ಡಗಳ ನಡುವೆ ನುಸುಳುವ ಜಾಗದಲ್ಲಿ ಮೈಸೂರು ಅರಸರ ಕಾಲದಲ್ಲಿ, 1898ರಲ್ಲಿ ಶುರು ಮಾಡಿ 1907ರಲ್ಲಿ ಮುಗಿಸಿದ ಅಣೆಕಟ್ಟು. ಕೆಲಸ ಶುರುವಾದಾಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ. ಸುಮಾರು 30 ಟಿಎಂಸಿ ನೀರು ಹಿಡಿಯುತ್ತದೆ. ನೀರು 130 ಅಡಿ ದಾಟಿದರೆ ತಾನಾಗಿಯೇ ಕೋಡಿಯ ಮೇಲೆ ಹರಿದುಹೋಗುತ್ತದೆ. ಎತ್ತಿ ಇಳಿಸಲು ಮೇಲೆ ಕ್ರೆಸ್ಟ್ ಗೇಟುಗಳಿಲ್ಲ. ಈ ಕೊನೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅಣೆಕಟ್ಟು ಇರುವುದು ಹಿರಿಯೂರು ತಾಲ್ಲೂಕಿನಲ್ಲಿ. ಆದರೆ ಅದರ ಹಿನ್ನೀರು ಹಬ್ಬಿರುವುದು ಹೊಸದುರ್ಗ ತಾಲ್ಲೂಕಿನೊಳಕ್ಕೆ. ಆ ಹಿನ್ನೀರಿನ ಒಂದು ದಿಬ್ಬದ ಮೇಲೆ ನನ್ನ ಗೆಳೆಯನ ತೋಟ. ಇಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿದ್ದವರು ನಾವು. ಇಬ್ಬರೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆವು. ಲಾಕ್‌ಡೌನಿನಲ್ಲಿ ಊರಿಗೆ ಹೋದ ಅವನು ಮರಳಿ ಬರಲಿಲ್ಲ. 2021ರಲ್ಲಿ ಕೆಲಸ ಬಿಟ್ಟು, ಕೂಡಿಟ್ಟಿದ್ದನ್ನೆಲ್ಲ ಸುರಿದು ಎರಡು ಎಕರೆಗೆ ದಾಳಿಂಬೆ ಹಾಕಿದ. ಉಳಿದದ್ದು ಅಪ್ಪನ ಕಾಲದ ತೆಂಗು, ಅಂಚಿನಲ್ಲಿ ಒಂದಿಷ್ಟು ಅಡಿಕೆ.

ಮರುವರ್ಷ, 2022ರ ಸೆಪ್ಟೆಂಬರಿನಲ್ಲಿ, ಮಾರಿಕಣಿವೆ ಕೋಡಿ ಬಿತ್ತು. ಅದಕ್ಕೂ ಹಿಂದೆ ಕೋಡಿ ಬಿದ್ದಿದ್ದು 1933ರಲ್ಲಿ. ಎಂಬತ್ತೊಂಬತ್ತು ವರ್ಷ! ಟೀವಿಯವರು ಬಂದರು, ಜನ ಜಾತ್ರೆಗೆ ಬಂದಂತೆ ಬಂದರು, ಹೆಂಗಸರು ಬಾಗಿನ ಬಿಟ್ಟರು. ಅದೇ ವಾರ ನನ್ನ ಗೆಳೆಯನ ತೋಟದ ಗಾಡಿದಾರಿ ಮುಳುಗಿತು.

ನಾನು ಹೋಗಿದ್ದು 2025ರ ಫೆಬ್ರವರಿಯಲ್ಲಿ. ಜನವರಿಯಲ್ಲಿ ಮತ್ತೆ ಕೋಡಿ ಬಿದ್ದು, ನೀರಿನ್ನೂ ದಂಡೆ ತುಂಬ ನಿಂತಿತ್ತು. ಜನವರಿಯಲ್ಲಿ ಮಳೆ ಎಲ್ಲಿಂದ ಬಂತು ಅನ್ನಬೇಡಿ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರಾ ನೀರನ್ನು ಪಂಪಿನಿಂದ ಎತ್ತಿ, ಅಜ್ಜಂಪುರದ ಸುರಂಗ ದಾಟಿಸಿ, ವೇದಾವತಿಗೆ ಬಿಡುತ್ತಾರೆ. 2019ರಿಂದ ಹೀಗೆ ಬರುತ್ತಿದೆ. ಈಗ ಮಾರಿಕಣಿವೆ ತುಂಬಲು ಮೋಡವನ್ನಷ್ಟೇ ನಂಬಿಕೊಂಡು ಕೂರಬೇಕಿಲ್ಲ. ಅಂದರೆ ದಿಬ್ಬ ದ್ವೀಪವಾಗಲು ಇನ್ನು ಎಂಬತ್ತೊಂಬತ್ತು ವರ್ಷ ಕಾಯಬೇಕಿಲ್ಲ.

ಹೊಸದುರ್ಗದಲ್ಲಿ ಬಸ್ಸಿಳಿದಾಗ ಗೆಳೆಯ ಬೈಕ್ ತಂದಿದ್ದ. ಡಾಂಬರು ರಸ್ತೆ ಬಿಟ್ಟು ಮಣ್ಣುದಾರಿ ಹಿಡಿದು, ಆ ಮಣ್ಣುದಾರಿ ಸೀದಾ ನೀರಿಗೆ ಇಳಿಯುವ ಕಡೆ ನಿಲ್ಲಿಸಿದ. ನನ್ನ ಮೊಬೈಲಿನ ಮ್ಯಾಪ್ ಮಾತ್ರ ನಿಲ್ಲಲಿಲ್ಲ, 'ಆರುನೂರು ಮೀಟರ್ ನೇರವಾಗಿ ಹೋಗಿ' ಅಂತಲೇ ಇತ್ತು. ಅಲ್ಲೊಂದು ಫೈಬರ್ ತೆಪ್ಪ ಕಟ್ಟಿತ್ತು, ಮೀನು ಹಿಡಿಯುವವರ ಹತ್ತಿರ ಹಳೆಯದನ್ನು ಕೊಂಡಿದ್ದಂತೆ. ಹುಟ್ಟು ಹಾಕುತ್ತಾ ಹೋದ ಹಾಗೆ ಎರಡೂ ಕಡೆ ಕರೆಂಟು ಕಂಬಗಳು ಸೊಂಟದವರೆಗೆ ನೀರಲ್ಲಿ ನಿಂತಿದ್ದವು. ತಂತಿ ಇತ್ತು, ಕರೆಂಟಿರಲಿಲ್ಲ.

"ಸುತ್ತ ನೀರೈತೆ ಕಣೋ, ತೋಟಕ್ಕೆ ಹಾಯಿಸಾಕೆ ಡೀಸೆಲ್ ತರಬೇಕು," ಅಂದ. ಕೊರೆಸಿ ಬತ್ತಿಹೋಗಿದ್ದ ಎರಡು ಬೋರ್‌ವೆಲ್ಲುಗಳಲ್ಲಿ ಈಗ ನೀರು ಕೈಗೆ ಸಿಗುವ ಮಟ್ಟಕ್ಕೆ ಬಂದಿದೆಯಂತೆ.

ತೋಟ ಹೇಗಿತ್ತು ಅಂದರೆ, ಮೇಲುಗಡೆ ಚೆನ್ನಾಗಿತ್ತು. ಕೆಳಗಡೆ ನೋಡಲಾಗುತ್ತಿರಲಿಲ್ಲ. ಅಂಚಿನ ಅಡಿಕೆ ಮರಗಳು 2022ರಲ್ಲೇ ಹೋಗಿದ್ದವು, ಬರೀ ಕಂಬ. ತೆಂಗು ಗಟ್ಟಿ ಜೀವ, ಬುಡದಲ್ಲಿ ತಿಂಗಳುಗಟ್ಟಲೆ ನೀರು ನಿಂತರೂ ತಡೆದುಕೊಂಡಿತ್ತು. ಆದರೆ ಗರಿ ಹಳದಿಯಾಗಿ, ಎಳೆಕಾಯಿ ಉದುರಿ ನೀರಲ್ಲಿ ತೇಲುತ್ತಿದ್ದವು. ದಾಳಿಂಬೆಗೆ ಬೇರಿನ ಹತ್ತಿರ ನೀರು ನಿಂತರೆ ಆಗುವುದೇ ಇಲ್ಲ, ಸೊರಗಿ ಒಣಗುತ್ತದೆ. ಎರಡು ಎಕರೆಯಲ್ಲಿ ಒಂದೂಕಾಲು ಉಳಿದಿತ್ತು. ಆ ಹಣ್ಣನ್ನು ಆಚೆ ದಂಡೆಗೆ ಸಾಗಿಸುವುದು ಇನ್ನೊಂದು ಕತೆ. ಕ್ರೇಟುಗಳನ್ನು ತೆಪ್ಪದಲ್ಲಿ ಹೇರಿ, ಮೂರು ಮೂರು ಸಲ ಹೋಗಿ ಬರಬೇಕು. ವ್ಯಾಪಾರಿಗೆ ಇದು ಗೊತ್ತು. ಗೊತ್ತಿದ್ದವನು ಬಿಡುತ್ತಾನಾ? ಕಿಲೋಗೆ ಇಷ್ಟು ಅಂತ ಕಡಿಮೆಯೇ ಕೇಳುತ್ತಾನೆ.

ತೆಂಗಿನಕಾಯಿಗೆ ಮಾತ್ರ ಗೆಳೆಯನ ಅಪ್ಪ ಒಂದು ಉಪಾಯ ಮಾಡಿದ್ದಾರೆ. ಸುಲಿಯದ ಕಾಯಿ ನೀರಲ್ಲಿ ತೇಲುತ್ತದಲ್ಲ, ಹಳೆ ಬಲೆಯೊಳಗೆ ಇನ್ನೂರು ಮುನ್ನೂರು ಕಾಯಿ ತುಂಬಿ, ಬಾಯಿ ಕಟ್ಟಿ, ತೆಪ್ಪದ ಹಿಂದೆ ಎಳೆದುಕೊಂಡು ಹೋಗುತ್ತಾರೆ. ನಾನೂ ಒಂದು ಸಲ ಹುಟ್ಟು ಹಾಕಿದೆ. ಆರುನೂರು ಮೀಟರಿಗೆ ಅರ್ಧ ಗಂಟೆ. ರಟ್ಟೆ ನೋವು ಸೋಮವಾರದ ಮೀಟಿಂಗಿನವರೆಗೂ ಇತ್ತು.

ರಾತ್ರಿ ಮುದ್ದೆ, ಅವರೆಕಾಳು ಸಾರು ಮುಗಿಸಿ ಅಂಗಳದಲ್ಲಿ ಕೂತಾಗ ಆ ಯಜಮಾನರನ್ನೇ ಕೇಳಿದೆ, ಪರಿಹಾರ ಏನೂ ಸಿಗಲಿಲ್ವಾ ಅಂತ.

"ಯಾವುದಕ್ಕಪ್ಪ ಕೊಡ್ತಾರೆ? ನಮ್ಮ ಪಹಣಿ ಐತಲ್ಲ, ಆ ನಾಲ್ಕು ಎಕರೆ ಗೆರೆಯಿಂದ ಮ್ಯಾಲೈತೆ. ಮುಳುಗಿಲ್ಲ ಅಂತಾರೆ. ಕೆಳಗಿಂದು ನೀರಿನ ಜಾಗ, ನೀರಿಲ್ದಾಗ ನಮ್ಮಪ್ಪಾರು ರಾಗಿ ಹಾಕೋರು, ಈರುಳ್ಳಿ ಹಾಕೋರು. ಅದನ್ನ ನಂದು ಅನ್ನಾಕಾಗಲ್ಲ. ದಾರಿನೂ ಅಲ್ಲೇ ಇತ್ತು."

ಇಡೀ ತೊಡಕು ಇರುವುದು ಇಲ್ಲೇ. ಕಾಗದದ ಪ್ರಕಾರ ಅವರ ಜಮೀನಿಗೆ ಏನೂ ಆಗಿಲ್ಲ. ಬೇರಿಗೆ ನೀರು ಬಸಿದು ಬಂದದ್ದು, ದಾರಿ ಇಲ್ಲದ್ದು, ಕರೆಂಟಿಲ್ಲದ್ದು ಕಾಗದದ ಯಾವ ಕಾಲಮ್ಮಿಗೂ ಸೇರುವುದಿಲ್ಲ. ಗೆಳೆಯ ಒಂದು ಕಚೇರಿಗೆ ಹನ್ನೊಂದು ಸಲ ಅಲೆದಿದ್ದಾನೆ. ಅಲ್ಲಿದ್ದವರೊಬ್ಬರು ಮೊಬೈಲಿನಲ್ಲಿ ತೋಟದ ಫೋಟೋ ನೋಡಿ, ರೆಸಾರ್ಟ್ ಮಾಡಿ ಸಾರ್, ಚೆನ್ನಾಗಿ ನಡೆಯುತ್ತೆ ಎಂದರಂತೆ.

ಮನೆ ಮಾತ್ರ ದಿಬ್ಬದ ನೆತ್ತಿಯ ಮೇಲಿದೆ. ಯಜಮಾನರ ಅಜ್ಜ ಒಂದು ಬಂಡೆ ತೋರಿಸಿ, ನೀರು ಒಮ್ಮೆ ಇಲ್ಲಿಗೆ ಬಂದಿತ್ತು, ಇದರಿಂದ ಕೆಳಗೆ ಪಾಯ ಹಾಕಬ್ಯಾಡಿ ಅಂದಿದ್ದರಂತೆ. ಬರದ ವರ್ಷಗಳಲ್ಲಿ ಆ ಮಾತಿಗೆ ನೆಂಟರೆಲ್ಲ ನಕ್ಕಿದ್ದರು. 2017-18ರ ಸುಮಾರಿಗೆ ಮಾರಿಕಣಿವೆ ಡೆಡ್ ಸ್ಟೋರೇಜಿನ ಹತ್ತಿರಕ್ಕೆ ಇಳಿದಿತ್ತಲ್ಲ, ಆಗ ದಿಬ್ಬದಿಂದ ನೀರು ನೋಡಬೇಕೆಂದರೆ ಬೈಕಿನಲ್ಲಿ ಹೋಗಬೇಕಿತ್ತು. 2022ರಲ್ಲಿ ನೀರು ಬಂಡೆಯವರೆಗೆ ಬಂದು ನಿಂತಿತು.

ಗೆಳೆಯನ ಹೆಂಡತಿ, ಆರು ವರ್ಷದ ಮಗಳು ಈಗ ಹೊಸದುರ್ಗದಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ದಿನಾ ತೆಪ್ಪದಲ್ಲಿ ಮಗುವನ್ನು ಸ್ಕೂಲಿಗೆ ಕಳಿಸುವ ಧೈರ್ಯ ಯಾರಿಗಿದೆ? ಹೊಳಲ್ಕೆರೆಯಲ್ಲಿರುವ ಮಾವ, ಅಲ್ಲೇ ಅಡಿಕೆ ತೋಟದ ಪಕ್ಕ ಎರಡು ಎಕರೆ ನೋಡಿಕೊಡ್ತೀನಿ, ಬಂದುಬಿಡಿ ಎನ್ನುತ್ತಿದ್ದಾರೆ. ಗೆಳೆಯನಿಗೆ ಅರ್ಧ ಮನಸ್ಸಿದೆ. ಆದರೆ ಇದನ್ನು ಮಾರದೆ ಅದನ್ನು ಕೊಳ್ಳಲಾಗದು, ದಾರಿ ಇಲ್ಲದ ಜಮೀನನ್ನು ಕೊಳ್ಳುವವರಿಲ್ಲ. ಅಪ್ಪನಂತೂ ತಾನು ತೆಪ್ಪ ಹತ್ತುವುದು ಕಾಯಿ ಸಾಗಿಸಲಿಕ್ಕೆ ಮಾತ್ರ ಎಂದು ಹೇಳಿಬಿಟ್ಟಿದ್ದಾರೆ.

ಎರಡನೇ ದಿನ ಹೊರಡುವಾಗ ಅಮ್ಮ ಒಂದು ಚೀಲ ಕಾಯಿ, ಒಂದು ಕ್ರೇಟ್ ದಾಳಿಂಬೆ ಕಟ್ಟಿಕೊಟ್ಟರು. ಅರ್ಧ ನನಗೆ, ಅರ್ಧ ಹಿರಿಯೂರಿನ ಹತ್ತಿರ ಕೊಟ್ಟಿರುವ ಮಗಳ ಮನೆಗೆ. ಈ ಅಕ್ಕನ ವಿಷಯ ಗೆಳೆಯ ನನಗೆ ಹಾಸ್ಟೆಲಿನಲ್ಲಿ ಹೇಳುತ್ತಿದ್ದ, ಅವಳೇ ಅವನ ಫೀಸು ಕಟ್ಟಿದ್ದು, ತೆಂಗು ಮಾರಿ. ಅವಳ ಮನೆ ಇರುವುದು ಮಾರಿಕಣಿವೆಯ ಅಚ್ಚುಕಟ್ಟಿನಲ್ಲಿ. ಅಣೆಕಟ್ಟಿನ ಕೆಳಗೆ. ಬರದ ವರ್ಷಗಳಲ್ಲಿ ಹಿರಿಯೂರಿನ ತೆಂಗಿನ ತೋಟಗಳು ಸುಳಿ ಒಣಗಿ ನಿಂತಿದ್ದನ್ನು ಹೆದ್ದಾರಿಯಿಂದಲೇ ನೀವೂ ನೋಡಿರಬಹುದು. ಅವಳದೂ ಅರ್ಧ ತೋಟ ಹಾಗೆ ಹೋಯಿತು. ಟ್ಯಾಂಕರ್ ನೀರು ಕೊಂಡು ಹಾಕಿ ಉಳಿದರ್ಧ ಉಳಿಸಿಕೊಂಡಳು. 2022ರಲ್ಲಿ ಕೋಡಿ ಬಿದ್ದ ದಿನ ಅವಳು ಖುಷಿಗೆ ಅಳುತ್ತಾ ತವರಿಗೆ ಫೋನ್ ಮಾಡಿದಳಂತೆ. ಅಪ್ಪ ಎತ್ತಿ, "ಒಳ್ಳೇದಾತು ಬಿಡವ್ವ" ಎಂದು ಇಟ್ಟರಂತೆ. ದಾರಿ ಮುಳುಗಿದ್ದನ್ನು ಹೇಳಲೇ ಇಲ್ಲ. ಅವಳಿಗೆ ಗೊತ್ತಾಗಿದ್ದು ಹದಿನೈದು ದಿನದ ಮೇಲೆ, ಹಬ್ಬಕ್ಕೆ ಕರೆಯಲು ಬಂದು ನೀರಿನ ದಂಡೆಯಲ್ಲಿ ನಿಂತಾಗ.

ಆ ವರ್ಷ ಹೊಸದುರ್ಗದ ಕಡೆಯಿಂದ ಕೋಡಿಯ ಎತ್ತರ ಇಳಿಸಿ ಎಂಬ ಕೂಗೆದ್ದಿತು. ಒಂದು ಕಲ್ಲನ್ನೂ ಮುಟ್ಟಬಾರದು ಎಂದು ಹಿರಿಯೂರಿನ ಕಡೆಯವರು. ಇಬ್ಬರದೂ ಸುಳ್ಳಲ್ಲ. ಗೇಟಿದ್ದಿದ್ದರೆ ಒಂದಡಿ ಹೆಚ್ಚು ಕಡಿಮೆ ಮಾಡಿ ಸಮಾಧಾನ ಮಾಡಬಹುದಿತ್ತೇನೋ. ಇರುವುದು ಕಲ್ಲಿನ ಕೋಡಿ. ನನ್ನ ಅಭಿಪ್ರಾಯ ಕೇಳಿದರೆ, ಕೋಡಿ ಒಡೆಯುವ ಬದಲು ಮುಳುಗಿದ ದಾರಿಗಳನ್ನು ಎತ್ತರಿಸಿ ಒಂದೊಂದು ಸೇತುವೆ ಕಟ್ಟುವುದು ಸುಲಭ, ಸೋವಿ. ಭದ್ರೆಯನ್ನು ಸುರಂಗದಲ್ಲಿ ತಂದವರಿಗೆ ಆರುನೂರು ಮೀಟರ್ ದೊಡ್ಡದಲ್ಲ.

ಅಕ್ಕನ ಮನೆ ತಲುಪಿದಾಗ ಸಂಜೆ. ಹೊಸ ಸಸಿಗಳು ಆಳೆತ್ತರ ಬೆಳೆದಿದ್ದವು. ಚೀಲ ಬಿಚ್ಚಿ ಒಂದೊಂದೇ ಕಾಯಿಯನ್ನು ಅಲ್ಲಾಡಿಸಿ ನೋಡಿದಳು. ನೀರಲ್ಲಿ ಎಳೆದು ತಂದ ಕಾಯಿಯ ಸಿಪ್ಪೆ ಕಪ್ಪಗಾಗಿತ್ತು. ಅಪ್ಪ ಊಟ ಸರಿಯಾಗಿ ಮಾಡ್ತಾರಾ, ಕಾಲು ನೋವು ಹೆಂಗೈತೆ ಎಂದೆಲ್ಲ ಕೇಳಿದಳು. ನೀರು ಎಷ್ಟಿದೆ ಎಂದು ಮಾತ್ರ ಕೇಳಲಿಲ್ಲ. ಹೊರಡುವ ಹೊತ್ತಿಗೆ ತಾನೇ ಹೇಳಿದಳು:

"ಈಗ ಅಪ್ಪ ದಿನಾ ಫೋನ್ ಮಾಡ್ತಾರೆ ಕಣಪ್ಪ. ಎತ್ತಿದ ಕೂಡ್ಲೇ, ನಾಲೆಗೆ ನೀರು ಬಿಟ್ರೇನವ್ವ ಅಂತ ಕೇಳ್ತಾರೆ. ಬಿಟ್ರೆ ನಮ್ ತೋಟಕ್ಕೆ ನೀರು, ಅವ್ರಿಗೆ ದಾರಿ. ನಾನು ದಿನಾ ಬೆಳಿಗ್ಗೆ ನಾಲೆ ನೋಡ್ಕಂಡು ಬಂದೇ ಫೋನ್ ಎತ್ತೋದು."