ಹೆಳವರ ಹೊತ್ತಗೆ

ಸುಗ್ಗಿ ಮುಗಿದು ಕಣದ ಕೆಲಸ ಹಗುರಾದ ಮೇಲೆ ಶಿವನಿಯ ನಮ್ಮ ಮನೆಗೆ ಹೆಳವರು ಬರುವುದು ವಾಡಿಕೆ. ನಾನು ಹುಡುಗನಾಗಿದ್ದಾಗ ಕಂಬಳಿ ಹೊದ್ದು ಎತ್ತನ್ನೇರಿ ಬರುತ್ತಿದ್ದರು. ಈಗ ಅವರ ಮಗ ಅಜ್ಜಂಪುರದ ಕಡೆಯಿಂದ ಮೋಟಾರು ಬೈಕಿನಲ್ಲಿ ಬರುತ್ತಾರೆ. ಹೊತ್ತಗೆ ಮಾತ್ರ ಅದೇ. ಜಗಲಿಯ ಮೇಲೆ ಕುಳಿತು, ಮೂಲಪುರುಷನಿಂದ ಹಿಡಿದು ಹೋದ ವರ್ಷ ಹುಟ್ಟಿದ ಕೂಸಿನವರೆಗೆ ಒಂದೇ ಉಸಿರಿನಲ್ಲಿ ಓದಿ, ಹೊಸ ಹೆಸರುಗಳನ್ನು ಬರೆದುಕೊಂಡು, ರಾಗಿಯನ್ನೋ ಬಟ್ಟೆಯನ್ನೋ ಹಣವನ್ನೋ ಪಡೆದು ಹೊರಡುವರು. ನಮ್ಮ ಮನೆತನದ ಹಾಳೆಗಳಲ್ಲಿ ಹೆಣ್ಣುಮಕ್ಕಳ ಹೆಸರು ಅಪರೂಪ. ತಂದೆಯಿಂದ ಮಗ, ಮಗನಿಂದ ಮೊಮ್ಮಗ: ಒಂದೇ ಎಳೆ.

ಪ್ರಕೃತಿಯೂ ಗಂಡಸಿನ ಮೈಯೊಳಗೆ ಇಂಥದೇ ಒಂದು ಹೊತ್ತಗೆಯನ್ನು ಇಟ್ಟಿದೆ. ನಮ್ಮ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳುಂಟು. ಮಿಕ್ಕವು ತಲೆಮಾರಿಗೊಮ್ಮೆ ಬೆರೆತು ಕಲಸಿಹೋಗುತ್ತವೆ. ವೈ ಎಂಬ ವರ್ಣತಂತು ಮಾತ್ರ, ಎರಡು ತುದಿಗಳನ್ನು ಬಿಟ್ಟರೆ, ತಂದೆಯಿಂದ ಮಗನಿಗೆ ಬೆರಕೆಯಿಲ್ಲದೆ ಇಳಿಯುತ್ತದೆ. ಎಂದೋ ಒಮ್ಮೆ ನಕಲಿನಲ್ಲಿ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪು ಅವನ ಗಂಡುಸಂತತಿಗೆಲ್ಲ ಗುರುತಾಗಿ ಉಳಿಯುತ್ತದೆ. ತಾಳೆಗರಿಗಳನ್ನು ಶೋಧಿಸಿದವರಿಗೆ ಇದು ಹೊಸತಲ್ಲ. ಒಂದೇ ತಪ್ಪು ಎರಡು ಪ್ರತಿಗಳಲ್ಲಿದ್ದರೆ ಎರಡಕ್ಕೂ ಮೂಲ ಒಂದೇ ಎಂದು ಪಂಡಿತರು ಊಹಿಸುತ್ತಾರಲ್ಲ, ಇದೂ ಹಾಗೆಯೇ. ಹೀಗೆ ಕವಲೊಡೆದ ಕೊಂಬೆಗಳಿಗೆ ವಿಜ್ಞಾನಿಗಳು ಎಚ್, ಎಲ್, ಆರ್ ಎಂದು ಇಂಗ್ಲಿಷಿನ ಅಕ್ಷರಗಳನ್ನಿಟ್ಟಿದ್ದಾರೆ.

ಈ ವಿದ್ಯೆ ನಮ್ಮ ನಾಡಿನಲ್ಲಿ ನಿಜವಾಗಿ ಉಪಕಾರ ಮಾಡಿದ್ದು ಉತ್ತರ ಕನ್ನಡದ ಸಿದ್ದಿಗಳ ವಿಷಯದಲ್ಲಿ ಎಂದು ನನಗೆ ತೋರುತ್ತದೆ. ಯಲ್ಲಾಪುರ, ಹಳಿಯಾಳಗಳ ಕಾಡಂಚಿನಲ್ಲಿ ವಾಸಿಸುವ ಈ ಜನರ ಹಿರಿಯರನ್ನು ಪೋರ್ಚುಗೀಸರು ಆಫ್ರಿಕದಿಂದ ತಂದರೆಂದು ಇತಿಹಾಸ ಹೇಳುತ್ತದೆ. ಆಫ್ರಿಕದಲ್ಲಿ ಅವರು ಯಾವ ಜನ ಎಂಬುದನ್ನು ಹೇಳುವುದಿಲ್ಲ. ಗುಲಾಮರಾಗಿ ಬಂದವರಿಗೆ ವಂಶಾವಳಿಯನ್ನು ಬರೆದುಕೊಡುವವರು ಯಾರು? 2011ರಲ್ಲಿ ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವಶಾಸ್ತ್ರ ಕೇಂದ್ರದ ಕುಮಾರಸ್ವಾಮಿ ತಂಗರಾಜ್, ಲಾಲ್ಜಿ ಸಿಂಗ್ ಮತ್ತು ಸಂಗಡಿಗರು ಕರ್ನಾಟಕ ಹಾಗೂ ಗುಜರಾತಿನ ಸಿದ್ದಿಗಳ ರಕ್ತವನ್ನು ಪರೀಕ್ಷಿಸಿದ ಫಲಿತಾಂಶವನ್ನು ಪ್ರಕಟಿಸಿದರು. ತಂದೆಯ ಎಳೆಯೂ ತಾಯಿಯ ಎಳೆಯೂ ಸಹಾರಾದ ದಕ್ಷಿಣದ ಬಂಟು ನುಡಿಯ ಜನರ ಕಡೆಗೆ ಬೆರಳು ಮಾಡಿದುವು. ನೆರೆಯ ಭಾರತೀಯರೊಡನೆ ಬೆರೆತದ್ದು ಕಳೆದ ಎಂಟು ತಲೆಮಾರುಗಳೊಳಗೆ, ಎಂದರೆ ಸುಮಾರು 200 ವರ್ಷಗಳಿಂದೀಚೆಗೆ, ಎಂದೂ ತಿಳಿಯಿತು. ಹಡಗನ್ನೇರಿದ ಆ ಪುರುಷನ ಹೆಸರನ್ನು ಮಾತ್ರ ಯಾವ ಪರೀಕ್ಷೆಯೂ ಹೇಳಲಾರದು.

ಹೆಸರಿದ್ದಲ್ಲಿಯೂ ತೊಡಕು ತಪ್ಪದು. ಅಮೆರಿಕದ ಅಧ್ಯಕ್ಷ ಜೆಫರ್ಸನ್ನನಿಗೂ ಅವನ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸಳ ಕಿರಿಯ ಮಗನಿಗೂ ಇದ್ದ ನಂಟನ್ನು 1998ರಲ್ಲಿ ವೈ ಪರೀಕ್ಷೆಯಿಂದ ನೋಡಿದರು. ಜೆಫರ್ಸನ್ನನ ದೊಡ್ಡಪ್ಪನ ಸಂತತಿಯವರ ವರ್ಣತಂತುವಿಗೂ ಆ ಮಗನ ಸಂತತಿಯವನದಕ್ಕೂ ತಾಳೆಯಾಯಿತು. ಆದರೆ ಅಣ್ಣತಮ್ಮಂದಿರೆಲ್ಲರ ವೈ ಒಂದೇ ಆದುದರಿಂದ, ತಂದೆ ಇವನೇ ಎಂದು ತೀರ್ಮಾನಿಸಲು ಹಳೆಯ ಕಾಗದಪತ್ರಗಳನ್ನೇ ಬಿಚ್ಚಬೇಕಾಯಿತು.

ಇಷ್ಟೆಲ್ಲ ಓದಿಕೊಂಡಿದ್ದ ನಾನು, ಬೆಂಗಳೂರಿನಲ್ಲಿರುವ ದಾಯಾದಿ ತಮ್ಮನ ಒತ್ತಾಯಕ್ಕೆ ಕಟ್ಟುಬಿದ್ದು, ಕೊಳವೆಯಲ್ಲಿ ಜೊಲ್ಲು ತುಂಬಿ ಕಳುಹಿಸಿದೆ. ಅವನೂ ಕಳುಹಿಸಿದ. ಹೊತ್ತಗೆಯ ಪ್ರಕಾರ ನಮ್ಮಿಬ್ಬರ ಮುತ್ತಜ್ಜ ಒಬ್ಬನೇ. ಫಲಿತಾಂಶದಲ್ಲಿ ನನ್ನದು ಎಚ್, ಅವನದು ಎಲ್. ಈ ಎರಡು ಕೊಂಬೆಗಳು ಕೂಡುವುದು 40,000 ವರ್ಷಗಳಿಗೂ ಹಿಂದೆ! ನಮ್ಮಿಬ್ಬರಿಂದ ಮುತ್ತಜ್ಜನವರೆಗೆ ಇರುವ ಆರು ಕೊಂಡಿಗಳಲ್ಲಿ ಎಲ್ಲಿಯೋ ಒಂದು ಕಳಚಿತ್ತು. ಯಾವುದೆಂದು ಹೇಳಲು ಆ ಕಾಗದಕ್ಕೆ ಬಾಯಿರಲಿಲ್ಲ.

"ಅಣ್ಣಾ, ಇನ್ನು ನಿಮ್ಮ ಮನೆಯ ಸೂತಕ ನಮಗುಂಟೋ ಇಲ್ಲವೋ?" ಎಂದು ತಮ್ಮ ಫೋನಿನಲ್ಲಿ ನಕ್ಕ. ಆ ನಗೆ ನನಗೆ ಹಿಡಿಸಲಿಲ್ಲ.

ಆ ಸುಗ್ಗಿಯಲ್ಲಿ ಹೆಳವರು ಬಂದಾಗ, ಜಗಲಿ ಬರಿದಾದ ಮೇಲೆ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಹಾಳೆಯನ್ನು ಹಿಂದಕ್ಕೆ ಮಗುಚಿದರು. ನನ್ನ ತಾತನ ಹೆಸರಿನ ಮಗ್ಗುಲಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ದೊಡ್ಡ ಜ್ವರದ ವರ್ಷ ಮಡಿಲಿಗೆ ಬಂದ ಕೂಸು. ದೊಡ್ಡ ಜ್ವರವೆಂದರೆ 1918ರ ಇನ್‌ಫ್ಲುಯೆಂಜ. ಯಾರ ಕೂಸು, ಯಾವ ಊರು, ಒಂದೂ ಇಲ್ಲ. ಅದಾದ ಎರಡು ವರ್ಷಕ್ಕೆ ಸಣ್ಣತಾತ ಹುಟ್ಟಿದರು.

"ನಮ್ಮ ತಾತ ಬರೆದದ್ದು, ಸ್ವಾಮಿ. ಜಗಲಿ ಮೇಲೆ ಓದಬಾರದು ಅಂತ ಅವರ ಅಪ್ಪಣೆ" ಎಂದರು.

ಹಿರಿಯ ಮನೆ ನಮ್ಮದು. ದೇವರ ಪೆಟ್ಟಿಗೆ ನಮ್ಮಲ್ಲಿದೆ. ಮುತ್ತಜ್ಜ ಅದನ್ನು ಮಡಿಲಿಗೆ ಬಂದವನ ಕೈಗೆ ತಿಳಿದೇ ಕೊಟ್ಟರು ಎಂಬುದು ಆಗ ಹೊಳೆಯಿತು.

ಹತ್ತು ತಲೆಮಾರು ಹಿಂದೆ ಹೋದರೆ ಒಬ್ಬನಿಗೆ 1024 ಪೂರ್ವಿಕರ ಸ್ಥಾನಗಳು. ವೈ ಮಾತನಾಡುವುದು ಅವರಲ್ಲಿ ಒಬ್ಬನ ಪರವಾಗಿ. ನಮ್ಮ ಸೀಮೆಗೆ ತಳಿಯ ಮಾತು ಹೊಸದಲ್ಲ. ಅಮೃತಮಹಲ್ ರಾಸುಗಳನ್ನು ಮೈಸೂರು ಅರಸರ ಕಾಲದಿಂದ ಸಾಕಿದ ಕಾವಲುಗಳು ಅಜ್ಜಂಪುರದ ಸುತ್ತಲೇ ಇವೆ. ಆದರೆ ಹೋರಿಯನ್ನು ನೋಡುವ ಕಣ್ಣಿನಿಂದ ನನ್ನ ತಾತನನ್ನು ನೋಡಲು ನನಗೆ ಮನಸ್ಸಾಗಲಿಲ್ಲ.

ತಮ್ಮನಿಗೆ ಅಂದು ರಾತ್ರಿಯೇ ತಿಳಿಸಿದೆ. ಅವನು ಏನನ್ನೂ ಹೇಳಲಿಲ್ಲ. ಅಪ್ಪನಿಗೆ ನಾನು ಹೇಳಲಿಲ್ಲ. ಒಳಮನೆಯಿಂದ ಅವರು, "ಎಲ್ಲಾ ಓದಿಸಿದೆಯೇನಪ್ಪಾ?" ಎಂದು ಕೇಳಿದಾಗ, ಓದಿದರು ಎಂದಷ್ಟೇ ಅಂದೆ.

ಮರುವರ್ಷ ಮಾಗಿಯಲ್ಲಿ ಅಪ್ಪ ತೀರಿಕೊಂಡರು. ತಮ್ಮ ರಾತ್ರಿಯ ರೈಲಿಗೆ ಹೊರಟು ಬೀರೂರಿನಲ್ಲಿ ಇಳಿದು, ಬೆಳಗಿನ ಜಾವಕ್ಕೆ ಶಿವನಿ ಸೇರಿದ. ತಲೆ ಬೋಳಿಸಿಕೊಂಡು, ನನ್ನ ಪಕ್ಕದ ಚಾಪೆಯ ಮೇಲೆ ಹನ್ನೊಂದು ದಿನ ಸೂತಕ ಹಿಡಿದು, ಕೊನೆಯ ದಿನ ಸ್ನಾನ ಮಾಡಿ ಊಟ ಮುಗಿಸಿ ಹೊರಟ.