ಎದ್ದು ನಿಲ್ಲುವ ಬಲವನ್ನೂ ಅಳೆಯೋಣ

ನೆಲದಿಂದ ಏಳುವಾಗ ಕೈಯೂರುವುದು, ತುಂಬಿದ ಕೊಡ ಎತ್ತಲಾಗದಿರುವುದು, ಮೆಟ್ಟಿಲು ಕಂಡೊಡನೆ ಹಿಂಜರಿಯುವುದು. ಅರವತ್ತು ದಾಟಿದ ಹೆಂಗಸರ ಈ ತೊಂದರೆಗಳನ್ನು ‘ವಯಸ್ಸಾಯಿತು’ ಎಂಬ ಒಂದೇ ಮಾತಿನಲ್ಲಿ ನಾವು ಮುಗಿಸಿಬಿಡುತ್ತೇವೆ. ವೈದ್ಯಶಾಸ್ತ್ರ ಹಾಗೆ ಮುಗಿಸುವುದಿಲ್ಲ. ವಯಸ್ಸಿನೊಂದಿಗೆ ಸ್ನಾಯುವಿನ ಗಾತ್ರ ಮತ್ತು ಬಲ ಕುಂದುವ ಈ ಸ್ಥಿತಿಗೆ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ‘ಸಾರ್ಕೊಪೀನಿಯಾ’ ಎಂಬ ಹೆಸರು ಸೂಚಿಸಿದರು. ಇಂದು ಅದು ಪ್ರತ್ಯೇಕ ಕಾಯಿಲೆಯೆಂದೇ ಪರಿಗಣಿತವಾಗಿದೆ.

ಬಾಗಲಕೋಟೆ ಜಿಲ್ಲೆಯಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಇಳಕಲ್ ಹಾಗೂ ಹುನಗುಂದದ ನೇಕಾರರ ಮನೆಗಳಲ್ಲಿ ನೂಲು ಸುತ್ತುವ, ಕಂಡಿಕೆ ತುಂಬುವ ಕೆಲಸ ಹೆಚ್ಚಾಗಿ ಹೆಂಗಸರದು. ಅದು ಗಂಟೆಗಟ್ಟಲೆ ಕುಳಿತು ಮಾಡುವ ಕೆಲಸ. ಬಾದಾಮಿ ಸುತ್ತಲಿನ ಹೊಲಗಳಲ್ಲಿ ಬಾಗಿ ಕಳೆ ತೆಗೆಯುವವರೂ ಅವರೇ. ಇಷ್ಟು ದುಡಿದವರ ಮೈ ಗಟ್ಟಿಯೆಂಬುದು ಸಾಮಾನ್ಯ ನಂಬಿಕೆ. ಆದರೆ ದಣಿವು ವ್ಯಾಯಾಮವಲ್ಲ. ಒಂದೇ ಭಂಗಿಯ ದುಡಿಮೆ ತೊಡೆಯ ಸ್ನಾಯುಗಳನ್ನು ಬಲಪಡಿಸದು. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿಯುತ್ತದೆ. ಎಲ್ಲರೂ ಉಂಡಾದ ಮೇಲೆ ಉಣ್ಣುವಾಕೆಗೆ ರೊಟ್ಟಿ ಉಳಿದೀತು, ಕಾಳುಪಲ್ಯ ಉಳಿಯುವ ಭರವಸೆಯಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಐವತ್ತು ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 41 ಗ್ರಾಂ ಪ್ರೋಟೀನ್ ಬೇಕು.

ಈ ಕೊರತೆಯನ್ನು ಪತ್ತೆಹಚ್ಚಲು ದುಬಾರಿ ಯಂತ್ರಕ್ಕೆ ಕಾಯಬೇಕಿಲ್ಲ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಅನುಸರಿಸಬಹುದಾದ ಸರಳ ಕ್ರಮವನ್ನು ಸೂಚಿಸಿತು. ಹೆಂಗಸರ ಮೀನಖಂಡದ ಸುತ್ತಳತೆ 33 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ಮೊದಲ ಎಚ್ಚರಿಕೆ; ಅದಕ್ಕೆ ದರ್ಜಿಯ ಅಳತೆಪಟ್ಟಿ ಸಾಕು. ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ, ಇಲ್ಲವೇ ಕೈ ಹಿಡಿತದ ಬಲ 18 ಕಿಲೋಗಿಂತ ಕಡಿಮೆಯಿದ್ದರೆ, ಚಿಕಿತ್ಸಾಕ್ರಮ ಆರಂಭಿಸಬಹುದು. ಕಾಲಿನ ಬಾವು, ಮಂಡಿನೋವು ಈ ಅಳತೆಗಳನ್ನು ಏರುಪೇರು ಮಾಡುವುದರಿಂದ ವೈದ್ಯರ ಪರೀಕ್ಷೆ ಅಗತ್ಯ. ಹಿಡಿತ ಅಳೆಯುವ ಉಪಕರಣವೂ ಹಳ್ಳಿಗೆ ಹೊಸದಲ್ಲ. 2017–18ರಲ್ಲಿ ದೇಶದ ವೃದ್ಧಾಪ್ಯ ಸಮೀಕ್ಷೆಯವರು ಅದನ್ನು ಮನೆಮನೆಗೂ ಒಯ್ದಿದ್ದರು.

ಆಶಾ ಕಾರ್ಯಕರ್ತೆಯರು ತುಂಬುವ ತಪಾಸಣಾ ಪಟ್ಟಿಯಲ್ಲಿ ಅರವತ್ತು ದಾಟಿದವರಿಗೆ ನಿಲ್ಲುವಾಗ, ನಡೆಯುವಾಗ ಆಯ ತಪ್ಪುತ್ತದೆಯೇ ಎಂಬ ಪ್ರಶ್ನೆ ಈಗಾಗಲೇ ಇದೆ. ಅದರ ಜೊತೆಗೆ ಅಳತೆಪಟ್ಟಿ ಮತ್ತು ಕುರ್ಚಿಯ ಪರೀಕ್ಷೆ ಸೇರಿದರೆ ಹೆಚ್ಚುವುದು ಕೆಲವು ನಿಮಿಷಗಳ ಕೆಲಸ. ಆ ಕೆಲಸಕ್ಕೆ ತಕ್ಕ ಸಂಭಾವನೆಯನ್ನು ಅವರಿಗೆ ಕೊಡಬೇಕಾದದ್ದು ನ್ಯಾಯ.

ಪತ್ತೆ ಮಾಡಿ ಕೈಬಿಟ್ಟರೆ ತಪಾಸಣೆ ವ್ಯರ್ಥ. ಸ್ನಾಯು ಸೋತವರು ಬೀಳುತ್ತಾರೆ. ತೊಡೆಯ ಮೂಳೆ ಮುರಿದ ಮುದುಕಿ ಮತ್ತೆ ಮೊದಲಿನಂತೆ ನಡೆಯುವುದು ಕಷ್ಟ. ಆಕೆಯನ್ನು ನೋಡಿಕೊಳ್ಳುವ ಹೊಣೆ ಸಾಮಾನ್ಯವಾಗಿ ಮನೆಯ ಇನ್ನೊಬ್ಬ ಹೆಂಗಸಿನ ಮೇಲೇ ಬೀಳುತ್ತದೆ. ಪರಿಹಾರ ಕೈಗೆಟುಕುವಂಥದ್ದು: ವಾರಕ್ಕೆ ಎರಡು ಮೂರು ದಿನ ಎದ್ದು ಕೂರುವ, ಸಣ್ಣ ಭಾರ ಎತ್ತುವ ಅಭ್ಯಾಸ, ಊಟದಲ್ಲಿ ಹುರುಳಿ, ಹೆಸರು, ಮೊಸರು, ಒಗ್ಗುವವರಿಗೆ ಮೊಟ್ಟೆ. ಮೂತ್ರಪಿಂಡದ ಕಾಯಿಲೆಯಿದ್ದವರು ವೈದ್ಯರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಬೇಕು. ಸ್ತ್ರೀಶಕ್ತಿ ಸಂಘಗಳ ಸಭೆಯಲ್ಲಿ ಈ ವ್ಯಾಯಾಮಕ್ಕೆ ಹತ್ತು ನಿಮಿಷ ಮೀಸಲಿಡಬಹುದು.

65 ದಾಟಿದವರಿಗಾಗಿ ಇರುವ ಸಂಧ್ಯಾ ಸುರಕ್ಷಾ ಯೋಜನೆಯ ಫಲಾನುಭವಿಗಳ ಪಟ್ಟಿ ಸರ್ಕಾರದ ಬಳಿಯೇ ಇದೆ. ಜಿಲ್ಲಾಡಳಿತ ಅಲ್ಲಿಂದಲೇ ಆರಂಭಿಸಲಿ. ಪಿಂಚಣಿ ಆಕೆಯ ಕೈಸೇರಿದರೆ ಸಾಲದು. ಅದನ್ನು ತರಲು ಆಕೆ ತನ್ನ ಕಾಲ ಮೇಲೆ ನಡೆದು ಹೋಗುವಂತಿರಬೇಕು.