ಮುಂಚಕ್ರ ಏಳಲು ಹಾರ್ಸ್‌ಪವರ್ ಒಂದೇ ಸಾಲದು

ಡ್ರ್ಯಾಗ್ ಕಾರಿನ ಮುಂಚಕ್ರ ಗಾಳಿಗೆದ್ದರೆ ಎಲ್ಲರೂ ಹೊಗಳುವುದು ಎಂಜಿನ್ನನ್ನು. ಆದರೆ ನೆಲ ಕಚ್ಚದ ಟೈರಿಗೆ ಎಷ್ಟೇ ಶಕ್ತಿ ಸುರಿದರೂ ಬರುವುದು ಬರೀ ಹೊಗೆ. ಕಾರನ್ನು ಮುಂದಕ್ಕೆ ನೂಕುವ ಬಲ ಹುಟ್ಟುವುದು ಹಿಂದಿನ ಟೈರು ನೆಲ ಮುಟ್ಟುವಲ್ಲಿ. ಗುರುತ್ವ ಕೇಂದ್ರ ಇರುವುದು ಅದಕ್ಕಿಂತ ಮೇಲೆ. ಈ ಎತ್ತರವೇ ಮೂತಿಯನ್ನು ಮೇಲಕ್ಕೆ ತಿರುಗಿಸುತ್ತದೆ. ಆ ಕೇಂದ್ರ ಹಿಂದಿನ ಅಚ್ಚಿನಿಂದ 1 ಮೀಟರ್ ಮುಂದೆ, ನೆಲದಿಂದ ಅರ್ಧ ಮೀಟರ್ ಮೇಲೆ ಇದೆ ಎನ್ನಿ: ಚಕ್ರ ಏಳಲು ಗುರುತ್ವದ 2 ಪಟ್ಟು ವೇಗೋತ್ಕರ್ಷ ಬೇಕು. ಕೇಂದ್ರ ಹಿಂದೆ ಸರಿದಷ್ಟೂ ಕಡಿಮೆ ಸಾಕು. 1965ರ ಡಾಡ್ಜ್ ‘ಲಿಟಲ್ ರೆಡ್ ವ್ಯಾಗನ್’ ನೋಡಿ. 7 ಲೀಟರಿನ ಹೆಮಿ ಎಂಜಿನ್ ಸೀಟಿನ ಹಿಂದೆ ಕೂತದ್ದೇ ತಡ, ಆ ಪಿಕಪ್ ಕೆರಳಿದ ಕುದುರೆಯಂತೆ ಹಿಂಗಾಲ ಮೇಲೆ ನಿಂತಿತು!

ಹಾಗಾದರೆ 10,000 ಹಾರ್ಸ್‌ಪವರ್ ಮೀರಿದ ಟಾಪ್ ಫ್ಯೂಯೆಲ್ ವರ್ಗದ ಡ್ರ್ಯಾಗ್ ಕಾರು ಹಾಗೇಕೆ ನಿಲ್ಲುವುದಿಲ್ಲ ಎಂದು ಕೇಳಬಹುದು. ಅದರ ಮುಂದಿನ–ಹಿಂದಿನ ಅಚ್ಚುಗಳ ಅಂತರ ಸುಮಾರು 7.6 ಮೀಟರ್, ಮೈ ನೆಲಕ್ಕೆ ಅಂಟಿದಷ್ಟು ತಗ್ಗು, ಬೆನ್ನಿಗೆ ವೀಲಿಯನ್ನು, ಅಂದರೆ ಮುಂಚಕ್ರ ಏಳುವುದನ್ನು, ತಡೆಯುವ ವೀಲಿ ಬಾರ್, ಏಳಬಾರದೆಂದೇ ಕಟ್ಟಿದ್ದು. ಮುಂಚಕ್ರ ನೆಲ ಬಿಟ್ಟ ಕ್ಷಣವೇ ಇಡೀ ಭಾರ ಹಿಂದಿನ ಟೈರಿಗೆ ಬಂದಾಗಿರುತ್ತದೆ, ಸ್ಟೀರಿಂಗ್ ಕೈಕೊಟ್ಟಿರುತ್ತದೆ. ಅದಕ್ಕೂ ಮೇಲೇರುವ ವೀಲಿ ಪ್ರೇಕ್ಷಕರಿಗೆ ಹಬ್ಬ, ಓಟದ ಸಮಯಕ್ಕೆ ನಷ್ಟ.